ರಾತ್ರಿ ಹಲ್ಲು ಕಡಿಯುವ ತೊಂದರೆ: ಮೈಸೂರು, ಮಂಡ್ಯದವರು ಎಲ್ಲಿ ತೋರಿಸಬೇಕು, ಏನು ಕೇಳಬೇಕು

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ತಾವು ಕಡಿಯುತ್ತಿರುವುದು ಗೊತ್ತಿರುವುದಿಲ್ಲ. ನಿದ್ದೆ ಕೆಡುವುದು ಪಕ್ಕದಲ್ಲಿ ಮಲಗಿದವರಿಗೆ. ಬೆಳಿಗ್ಗೆ ಅವರು ಹೇಳಿದರೆ "ಹೌದಾ? ನಾನಾ?" ಅಂದು ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ವರ್ಷಗಟ್ಟಲೆ ಕಳೆದು, ಒಂದು ದಿನ ದವಡೆ ಹಲ್ಲಿನ ಮೂಲೆ ಮುರಿದು ಬಾಯಲ್ಲಿ ಸಿಕ್ಕಾಗ ಡಾಕ್ಟರ್ ಹತ್ತಿರ ಓಡುವವರೇ ಜಾಸ್ತಿ. ಹಲ್ಲಿನ ಮೇಲ್ಪದರ, ಅಂದರೆ ಎನಾಮೆಲ್, ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಅಷ್ಟು ದಿನ ಕಾಯಬೇಡಿ ಅನ್ನುತ್ತೇನೆ.

ಇದರಲ್ಲಿ ಮಾಡಬೇಕಾದ ಕೆಲಸ ಎರಡು. ಹಲ್ಲನ್ನು ಉಳಿಸಿಕೊಳ್ಳುವುದು ಒಂದು. ಯಾಕೆ ಕಡಿಯುತ್ತಿದ್ದೀರಿ ಅಂತ ಹುಡುಕುವುದು ಇನ್ನೊಂದು. ಮೊದಲನೆಯದಕ್ಕೆ ನೈಟ್ ಗಾರ್ಡ್ ಇದೆ, ಅಂದರೆ ಮಲಗುವಾಗ ಹಲ್ಲಿನ ಸಾಲಿಗೆ ಹಾಕಿಕೊಳ್ಳುವ ಕವಚ, ಅದು ಸುಲಭ. ಎರಡನೆಯದನ್ನು ತುಂಬ ಜನ ಕೈಬಿಡುತ್ತಾರೆ. ಗಾರ್ಡ್ ಬಂತು, ಶಬ್ದ ನಿಂತಿತು, ಮುಗಿಯಿತು ಅಂದುಕೊಳ್ಳುತ್ತಾರೆ. ಹಿಂದೆ ಉಸಿರಾಟದ ತೊಂದರೆಯೋ, ಹೊಸದಾಗಿ ಶುರುವಾದ ಮಾತ್ರೆಯೋ, ಹೇಳಿಕೊಳ್ಳದ ಚಿಂತೆಯೋ ಹಾಗೇ ಉಳಿದಿರುತ್ತದೆ. ಎರಡೂ ಕೆಲಸ ಆಗುವ ಹಾಗೆ ಒಂದೊಂದೇ ಹೆಜ್ಜೆ ಬರೆಯುತ್ತೇನೆ.

ಹೆಜ್ಜೆ 1: ಮನೆಯಲ್ಲೇ ಪತ್ತೆ ಮಾಡಿ

ಮೊದಲು ಪಕ್ಕದಲ್ಲಿ ಮಲಗುವವರನ್ನು ಕೇಳಿ. ಹೆಂಡತಿ, ಗಂಡ, ಅಮ್ಮ, ಹಾಸ್ಟೆಲ್ ರೂಮಿನ ಗೆಳೆಯ, ಯಾರಾದರೂ ಸರಿ. ಕಟಕಟ ಶಬ್ದ ಬರುತ್ತದಾ? ರಾತ್ರಿ ಯಾವ ಹೊತ್ತಿನಲ್ಲಿ? ಜೊತೆಗೆ ಗೊರಕೆ ಇದೆಯಾ? ಗೊರಕೆ ಮಧ್ಯೆ ಉಸಿರು ನಿಂತ ಹಾಗೆ ಆಗಿ, ಆಮೇಲೆ ಜೋರಾಗಿ ಎಳೆದುಕೊಳ್ಳುತ್ತೀರಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಒಬ್ಬರೇ ಮಲಗುವವರಾದರೆ ಕೆಲವು ರಾತ್ರಿ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಶಬ್ದ ಇಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತ ಅಲ್ಲ. ಕೆಲವರು ಮಸೆಯುವುದಿಲ್ಲ, ಸುಮ್ನೆ ಬಿಗಿಯಾಗಿ ಕಚ್ಚಿಕೊಂಡಿರುತ್ತಾರೆ. ಅದಕ್ಕೆ ಶಬ್ದವೇ ಇರುವುದಿಲ್ಲ.

ಆಮೇಲೆ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ನೋಡಿ. ಮುಂದಿನ ಹಲ್ಲುಗಳ ಅಂಚು ಚಪ್ಪಟೆ ಆಗಿದೆಯಾ? ಕೋರೆಹಲ್ಲಿನ ಚೂಪು ಹೋಗಿದೆಯಾ? ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದಿದೆಯಾ? ಕೆನ್ನೆಯ ಒಳಗೆ, ಹಲ್ಲು ಕೂಡುವ ಎತ್ತರದಲ್ಲಿ, ಉದ್ದಕ್ಕೂ ಬಿಳಿ ಗೆರೆ ಇದೆಯಾ? ಕಿವಿಯ ಕೆಳಗೆ ದವಡೆಯ ಮೂಲೆಯಲ್ಲಿ ಕೈಯಿಟ್ಟು ಹಲ್ಲು ಕಚ್ಚಿ ನೋಡಿ. ಅಲ್ಲಿ ಮಾಂಸಖಂಡ ಗಟ್ಟಿಯಾಗಿ ಉಬ್ಬುತ್ತದೆ. ವರ್ಷಗಟ್ಟಲೆ ಕಡಿದವರಲ್ಲಿ ಅದು ದಪ್ಪವಾಗಿ ಮುಖವೇ ಸ್ವಲ್ಪ ಚೌಕವಾಗಿ ಕಾಣುತ್ತದೆ.

ಬೆಳಿಗ್ಗೆ ಎದ್ದ ತಕ್ಷಣ ದವಡೆ ಬಿಗಿ, ಹಣೆಯ ಎರಡು ಬದಿ ನೋವು, ಬಾಯಿ ಒಣಗಿರುವುದು, ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುವುದು, ಇವನ್ನು ಒಂದೆರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದೇ ಚೌಕದಲ್ಲಿ ಎರಡು ಮಾತು ಬರೆಯಿರಿ: ಹಿಂದಿನ ದಿನ ಸಂಜೆ ಕಾಫಿ ಕುಡಿದಿದ್ದೀರಾ, ಮಲಗಿದ್ದು ಎಷ್ಟು ಗಂಟೆಗೆ. ಡಾಕ್ಟರ್ ಕೈಗೆ ಈ ಕ್ಯಾಲೆಂಡರ್ ಕೊಟ್ಟರೆ ಅವರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.

ಹೆಜ್ಜೆ 2: ಕಾರಣದ ಅಂದಾಜು ಇಟ್ಟುಕೊಳ್ಳಿ

ಡಾಕ್ಟರುಗಳು ಇದನ್ನು ಬ್ರಕ್ಸಿಸಂ ಅನ್ನುತ್ತಾರೆ. ರಾತ್ರಿಯ ನಿದ್ದೆ ಒಂದೇ ಸಮ ಇರುವುದಿಲ್ಲ. ನಮಗೆ ಗೊತ್ತಾಗದ ಹಾಗೆ ಮೆದುಳು ಕೆಲವು ಸೆಕೆಂಡು ಅರೆ ಎಚ್ಚರ ಆಗುತ್ತಾ ಇರುತ್ತದೆ. ಎದೆ ಬಡಿತ ಸ್ವಲ್ಪ ಏರುತ್ತದೆ, ಅದರ ಹಿಂದೆಯೇ ದವಡೆಯ ಸ್ನಾಯು ಬಿಗಿಯುತ್ತದೆ. ಇಂಥ ಅರೆ ಎಚ್ಚರಗಳನ್ನು ಏನೇನು ಜಾಸ್ತಿ ಮಾಡುತ್ತದೋ ಅದೆಲ್ಲ ಹಲ್ಲು ಕಡಿಯುವುದನ್ನೂ ಜಾಸ್ತಿ ಮಾಡಬಹುದು. ಮನಸ್ಸಿನ ಒತ್ತಡ, ಸಂಜೆಯ ಕಾಫಿ, ಮಲಗುವ ಮುಂಚಿನ ಕುಡಿತ, ಬೀಡಿ ಸಿಗರೇಟು, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಾತ್ರಿ ಎದೆಗೆ ಹುಳಿ ನೀರು ಏರುವುದು. ಮನೆತನದಲ್ಲೂ ಹರಿದು ಬರುತ್ತದೆ. ಅಪ್ಪನಿಗಿದ್ದರೆ ಮಗನಿಗೂ ಬರುವ ಸಾಧ್ಯತೆ ಜಾಸ್ತಿ.

ಕೆಲವು ಮಾತ್ರೆಗಳಿಂದಲೂ ಶುರುವಾಗುತ್ತದೆ. ಖಿನ್ನತೆಗೂ ಆತಂಕಕ್ಕೂ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಪರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುವ ಕೆಲವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮಾತ್ರೆ ಶುರುವಾದ ಕೆಲವೇ ವಾರದಲ್ಲಿ ಹಲ್ಲು ಕಡಿಯುವುದು ಬಂತು ಅಂದರೆ ಮಾತ್ರೆ ಬರೆದ ಡಾಕ್ಟರಿಗೆ ಹೇಳಿ. ನೀವಾಗಿ ಮಾತ್ರ ನಿಲ್ಲಿಸಬೇಡಿ. ಅವರೇ ಪ್ರಮಾಣ ಕಡಿಮೆ ಮಾಡುತ್ತಾರೆ, ಅಥವಾ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ತಟಕ್ಕನೆ ಬಿಟ್ಟರೆ ಬರುವ ತೊಂದರೆ ಹಲ್ಲು ಕಡಿಯುವುದಕ್ಕಿಂತ ದೊಡ್ಡದು.

ಇನ್ನು ಜಂತುಹುಳು. ನಮ್ಮ ಕಡೆ ಯಾವ ಮಗು ಹಲ್ಲು ಕಡಿದರೂ ಅಜ್ಜಿ ಹೇಳುವುದು ಇದನ್ನೇ, "ಹೊಟ್ಟೆಲಿ ಹುಳ ಇದೆ, ಔಷಧಿ ಕೊಡ್ಸು". ಹುಳುವೇ ಕಾರಣ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೂ ಹುಳುವಿನ ಔಷಧಿ ಮಕ್ಕಳಿಗೆ ಬೇಕಾದದ್ದೇ. ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಅದನ್ನು ತಪ್ಪಿಸಬೇಡಿ. ಮಾತ್ರೆ ಕೊಟ್ಟ ಮೇಲೂ ಕಡಿಯುವುದು ನಿಲ್ಲಲಿಲ್ಲ ಅಂತ ಮೇಲಿಂದ ಮೇಲೆ ಹುಳದ ಔಷಧಿ ಕುಡಿಸುವುದು ಮಾತ್ರ ಬೇಡ.

ಹೆಜ್ಜೆ 3: ಎಲ್ಲಿ ತೋರಿಸಬೇಕು

ಶುರು ಮಾಡಬೇಕಾದದ್ದು ಹಲ್ಲಿನ ಡಾಕ್ಟರಿಂದಲೇ. ಹತ್ತಿರದ ಕ್ಲಿನಿಕ್ ಆದರೂ ಸರಿ, ಮೊದಲ ತಪಾಸಣೆಗೆ ಸಾಕು. ಹಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ ಹತ್ತಿರ.

ಖರ್ಚು ನೋಡಿಕೊಳ್ಳಬೇಕು, ತಜ್ಞರೂ ಬೇಕು ಅನ್ನುವವರಿಗೆ ದಂತ ಕಾಲೇಜುಗಳು ಒಳ್ಳೆಯ ದಾರಿ. ಮೈಸೂರಿನಲ್ಲಿ ಬನ್ನಿಮಂಟಪದ ಜೆಎಸ್‌ಎಸ್ ದಂತ ಕಾಲೇಜು ಇದೆ, ತಿಲಕ್‌ನಗರದ ಕಡೆ ಫರೂಕಿಯಾ ದಂತ ಕಾಲೇಜು ಇದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬಸ್ಸಿನಲ್ಲಿ ಬರುವವರಿಗೆ ಊರೊಳಗೆ ಬರುವಾಗಲೇ ಬನ್ನಿಮಂಟಪದ ಭಾಗ ಸಿಗುತ್ತದೆ. ಎಲ್ಲಿ ಇಳಿಯಬೇಕು ಅಂತ ಕಂಡಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಕಾಲೇಜಿಗೆ ಬೆಳಿಗ್ಗೆಯೇ ಹೋಗಿ, ಅರ್ಧ ದಿನ ಅದಕ್ಕೇ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಚೀಟಿ ಮಾಡಿಸಿದ ಮೇಲೆ ಸಾಮಾನ್ಯವಾಗಿ ಮೊದಲು ಓರಲ್ ಮೆಡಿಸಿನ್, ಅಂದರೆ ಬಾಯಿಯ ಕಾಯಿಲೆ ಪತ್ತೆ ಮಾಡುವ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ಕೇಸ್ ಬರೆದುಕೊಳ್ಳುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ, ಆಮೇಲೆ ಮೇಲಿನ ಡಾಕ್ಟರ್ ಬಂದು ನೋಡುತ್ತಾರೆ. ಒಂದೇ ಪ್ರಶ್ನೆಯನ್ನು ಇಬ್ಬರು ಮೂವರು ಕೇಳಬಹುದು. ಬೇಸರ ಮಾಡಿಕೊಳ್ಳಬೇಡಿ. ಅವಸರದ ಕ್ಲಿನಿಕ್ಕಿನಲ್ಲಿ ಸಿಗದ ಸಮಾಧಾನದ ತಪಾಸಣೆ ಇಲ್ಲಿ ಸಿಗುತ್ತದೆ, ನನಗಂತೂ ಅದು ದೊಡ್ಡ ವಿಷಯ. ಗಾರ್ಡ್ ಬೇಕು ಅಂದರೆ ಪ್ರಾಸ್ತೊಡಾಂಟಿಕ್ಸ್ ವಿಭಾಗಕ್ಕೆ ಬರೆದುಕೊಡುತ್ತಾರೆ. ಹಲ್ಲುಸೆಟ್ಟು, ಕ್ಯಾಪು ಮಾಡುವವರು ಅವರೇ.

ಸರ್ಕಾರಿ ಆಸ್ಪತ್ರೆಯೇ ಬೇಕು ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಇವೆ. ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಆದರೆ ಅದು ಸರ್ಕಾರಿ ಅಲ್ಲ, ಖಾಸಗಿ. ಈ ದೊಡ್ಡ ಆಸ್ಪತ್ರೆಗಳಲ್ಲಿ ಹಲ್ಲು, ಕಿವಿ ಮೂಗು ಗಂಟಲು, ಮನೋವೈದ್ಯ ಎಲ್ಲ ಒಂದೇ ಕಡೆ ಇರುವುದು ಅನುಕೂಲ. ಗಾರ್ಡ್ ಅಲ್ಲೇ ಮಾಡಿಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಹೋಗುವಾಗ ಆಧಾರ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಕ್ಯಾಲೆಂಡರಿನ ಗುರುತು, ಫೋನಿನ ರೆಕಾರ್ಡಿಂಗ್ ಇರಲಿ. ಸಾಧ್ಯವಾದರೆ ಪಕ್ಕದಲ್ಲಿ ಮಲಗುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಹೆಜ್ಜೆ 4: ಡಾಕ್ಟರ್ ಮುಂದೆ ಏನು ಹೇಳಬೇಕು

"ಹಲ್ಲು ನೋವು" ಅಂತ ಮಾತ್ರ ಹೇಳಿದರೆ ಅವರು ಹುಳುಕು ಹುಡುಕುತ್ತಾರೆ. ನೇರವಾಗಿ ಹೇಳಿ: "ಡಾಕ್ಟ್ರೇ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀನಂತೆ. ಬೆಳಿಗ್ಗೆ ದವಡೆ ಬಿಗಿಯಾಗಿರುತ್ತೆ. ಹಲ್ಲು ಎಷ್ಟು ಸವೆದಿದೆ, ದವಡೆಯ ಕೀಲು ಸರಿಯಿದೆಯಾ ನೋಡಿ." ಆಗ ಅವರು ಹಲ್ಲಿನ ಸವೆತ ನೋಡುತ್ತಾರೆ. ಕಿವಿಯ ಮುಂದಿನ ಕೀಲನ್ನು ಒತ್ತಿ ಟಕ್ ಅನ್ನುತ್ತದಾ ಪರೀಕ್ಷೆ ಮಾಡುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆ ಅಳೆಯುತ್ತಾರೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಲ್ಲಿ ಹಿಡಿಸಬೇಕು, ಅದು ಸಾಮಾನ್ಯ ಲೆಕ್ಕ.

ಇಲ್ಲಿ ಅಡಿಕೆ, ಗುಟ್ಕಾ ಹಾಕುವವರಿಗೆ ಒಂದು ಮಾತು. ಬಾಯಿ ತೆರೆಯುವುದು ದಿನೇ ದಿನೇ ಕಡಿಮೆ ಆಗುತ್ತಿದೆ, ಖಾರ ತಿಂದರೆ ಉರಿ, ಕೆನ್ನೆ ಒಳಗೆ ಗಟ್ಟಿ ಪಟ್ಟಿಯ ಹಾಗೆ ಸಿಗುತ್ತದೆ ಅಂದರೆ ಅದು ಹಲ್ಲು ಕಡಿಯುವುದರಿಂದ ಬಂದದ್ದಲ್ಲ. ಅಡಿಕೆಯಿಂದ ಬರುವ ಬೇರೆ ಕಾಯಿಲೆ, ಮುಂದೆ ಬಾಯಿ ಕ್ಯಾನ್ಸರ್‌ಗೂ ತಿರುಗಬಹುದು. ಮುಚ್ಚಿಡದೆ ಹೇಳಿ, ಅವತ್ತೇ ತೋರಿಸಿ.

ಇನ್ನೊಂದು ವಿಷಯಕ್ಕೆ ನಾನು ಒತ್ತಿ ಹೇಳುತ್ತೇನೆ. ಹಲ್ಲು ಕಡಿಯುವುದನ್ನು ನಿಲ್ಲಿಸಲು ಹಲ್ಲುಗಳನ್ನು ಉಜ್ಜಿ ಎತ್ತರ ಸರಿ ಮಾಡೋಣ, ಕ್ಲಿಪ್ ಹಾಕೋಣ, ಎಲ್ಲ ಹಲ್ಲಿಗೂ ಕ್ಯಾಪ್ ಹಾಕೋಣ ಅಂತ ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಒಪ್ಪಿಕೊಳ್ಳಬೇಡಿ. ಕಡಿಯುವ ಆಜ್ಞೆ ಬರುವುದು ಮೆದುಳಿಂದ. ಹಲ್ಲಿನ ಸಾಲು ಸರಿ ಮಾಡಿದರೆ ಅದು ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಉಜ್ಜಿ ತೆಗೆದ ಹಲ್ಲು ವಾಪಸ್ ಬರುವುದೂ ಇಲ್ಲ. ಮುರಿದ ಹಲ್ಲಿಗೆ ಕ್ಯಾಪ್ ಬೇಕಾಗಬಹುದು, ಅದು ಬೇರೆ ಮಾತು. "ಯೋಚನೆ ಮಾಡಿ ಬರ್ತೀವಿ ಡಾಕ್ಟ್ರೇ" ಅಂದು ಇನ್ನೊಬ್ಬರ ಹತ್ತಿರ ತೋರಿಸಿ. ಒಳ್ಳೆಯ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 5: ನೈಟ್ ಗಾರ್ಡ್

ಗಾರ್ಡ್ ಕಡಿಯುವುದನ್ನು ನಿಲ್ಲಿಸುವುದಿಲ್ಲ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಉಜ್ಜದ ಹಾಗೆ ಮಧ್ಯೆ ನಿಲ್ಲುತ್ತದೆ. ಚಪ್ಪಲಿ ಅಟ್ಟೆಯ ಹಾಗೆ ಸವೆಯುವುದು ಅದು, ನಿಮ್ಮ ಹಲ್ಲಲ್ಲ. ಎಷ್ಟೋ ಜನರಿಗೆ ಬೆಳಗಿನ ದವಡೆ ನೋವೂ ಕಡಿಮೆ ಆಗುತ್ತದೆ.

ಅಳತೆ ಕೊಡುವ ಮೊದಲೇ ಹುಳುಕು ಹಲ್ಲಿಗೆ ಸಿಮೆಂಟ್, ಅಲ್ಲಾಡುವ ಕ್ಯಾಪ್, ಕ್ಲೀನಿಂಗ್ ಎಲ್ಲ ಮುಗಿಸಿಕೊಳ್ಳಿ. ಗಾರ್ಡ್ ಬಂದ ಮೇಲೆ ಒಂದು ಹಲ್ಲಿನ ಆಕಾರ ಬದಲಾದರೂ ಅದು ಸರಿಯಾಗಿ ಕೂರುವುದಿಲ್ಲ, ಮತ್ತೆ ದುಡ್ಡು ಕೊಟ್ಟು ಮಾಡಿಸಬೇಕಾಗುತ್ತದೆ. ಅಳತೆಗೆ ಹಿಟ್ಟಿನ ಹಾಗಿರುವ ಒಂದು ಪದಾರ್ಥವನ್ನು ತಟ್ಟೆಯಲ್ಲಿ ತುಂಬಿ ಬಾಯಿಗೆ ಒತ್ತುತ್ತಾರೆ. ಒಂದೆರಡು ನಿಮಿಷ ವಾಂತಿ ಬಂದ ಹಾಗೆ ಆಗಬಹುದು. ಮೂಗಿನಲ್ಲಿ ನಿಧಾನ ಉಸಿರಾಡಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಆ ಅಚ್ಚನ್ನು ಲ್ಯಾಬಿಗೆ ಕಳಿಸುತ್ತಾರೆ. ಬಂದ ಗಾರ್ಡನ್ನು ನಿಮ್ಮ ಬಾಯಲ್ಲಿಟ್ಟು, ಎಲ್ಲ ಹಲ್ಲೂ ಒಂದೇ ಸಲ ತಾಗುವ ಹಾಗೆ ತೀಡಿ ಸರಿ ಮಾಡಬೇಕು. ಹಾಗೇ ಕವರಿನಲ್ಲಿ ಕೈಗೆ ಕೊಟ್ಟು ಕಳಿಸಿದರೆ "ಒಂದು ಸಲ ಹಾಕಿ ನೋಡಿಬಿಡಿ" ಅಂತ ನೀವೇ ಕೇಳಿ.

ಗಟ್ಟಿಯದಾ, ಮೆತ್ತನೆಯದಾ? ಜೋರಾಗಿ ಕಡಿಯುವವರಿಗೆ ಗಟ್ಟಿ ಅಕ್ರಿಲಿಕ್ ಗಾರ್ಡ್ ಹೆಚ್ಚು ಬಾಳುತ್ತದೆ. ಮೆತ್ತನೆಯದು ಹಾಕಿಕೊಳ್ಳಲು ಸುಖ, ಆದರೆ ಬೇಗ ತೂತಾಗುತ್ತದೆ, ಕೆಲವರು ಅದನ್ನು ಇನ್ನೂ ಜಾಸ್ತಿ ಅಗಿಯುತ್ತಾರೆ. ಯಾವುದಾದರೂ ಸಾಲಿನ ಎಲ್ಲ ಹಲ್ಲನ್ನೂ ಮುಚ್ಚಬೇಕು. ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಕೂರುವ ಪುಟ್ಟ ಗಾರ್ಡನ್ನು ಬಹಳ ಕಾಲ ಹಾಕಿದರೆ ಹಿಂದಿನ ಹಲ್ಲುಗಳು ಜಾಗ ಬದಲಾಯಿಸಿ ಕಚ್ಚುವ ರೀತಿಯೇ ಕೆಡಬಹುದು. ಆನ್‌ಲೈನಿನಲ್ಲಿ ಬಿಸಿನೀರಿಗೆ ಹಾಕಿ ಕಚ್ಚುವ ಗಾರ್ಡ್ ಸಿಗುತ್ತದೆ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಕೆಲವು ದಿನಕ್ಕೆ ಆದೀತು, ವರ್ಷಗಟ್ಟಲೆಗೆ ಬೇಡ.

ದುಡ್ಡಿನ ವಿಷಯ ಸಂಕೋಚ ಬಿಟ್ಟು ಕೇಳಿ. ತಪಾಸಣೆಗೆ ಎಷ್ಟು, ಲ್ಯಾಬಿಗೆ ಎಷ್ಟು, ಆಮೇಲೆ ಸರಿ ಮಾಡಿಸಲು ಬಂದರೆ ಮತ್ತೆ ಕೊಡಬೇಕಾ? ಯಾವ ಬಗೆಯ ಗಾರ್ಡ್ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಮೊದಲ ಕೆಲವು ರಾತ್ರಿ ಜೊಲ್ಲು ಜಾಸ್ತಿ ಬರುತ್ತದೆ. ನಿದ್ದೆಯಲ್ಲೇ ಕಿತ್ತು ದಿಂಬಿನ ಪಕ್ಕ ಇಟ್ಟಿರುತ್ತೀರಿ. ಒಂದೆರಡು ವಾರಕ್ಕೆ ಒಗ್ಗಿಕೊಳ್ಳುತ್ತದೆ. ಬೆಳಿಗ್ಗೆ ತೆಗೆದ ಮೇಲೆ ಕೆಲವು ನಿಮಿಷ ಹಲ್ಲು ಸರಿಯಾಗಿ ಕೂಡುತ್ತಿಲ್ಲ ಅನ್ನಿಸುವುದು ಸಹಜ. ಮಧ್ಯಾಹ್ನದವರೆಗೂ ಹಾಗೇ ಇದ್ದರೆ, ಅಥವಾ ನೋವು ಏರುತ್ತಿದ್ದರೆ, ಗಾರ್ಡ್ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ತಣ್ಣೀರು, ಮೆತ್ತನೆ ಬ್ರಷ್, ಸ್ವಲ್ಪ ಕೈ ತೊಳೆಯುವ ಸೋಪು ಸಾಕು ತೊಳೆಯಲು. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಒರೆಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ.

ಹೆಜ್ಜೆ 6: ಗೊರಕೆ ಇದ್ದರೆ ಉಸಿರಾಟ ನೋಡಿಸಿ

ಜೋರು ಗೊರಕೆ, ಮಧ್ಯೆ ಉಸಿರು ನಿಲ್ಲುವುದು, ಎಷ್ಟು ಮಲಗಿದರೂ ಹಗಲು ತೂಕಡಿಕೆ, ಬಿ.ಪಿ., ದಪ್ಪ ಕುತ್ತಿಗೆ, ಇವು ಇದ್ದರೆ ಹಲ್ಲಿನ ಡಾಕ್ಟರಲ್ಲಿಗೆ ನಿಲ್ಲಿಸಬೇಡಿ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇರಬಹುದು. ಕಿವಿ ಮೂಗು ಗಂಟಲು ವಿಭಾಗ ಅಥವಾ ಶ್ವಾಸಕೋಶದ ವಿಭಾಗಕ್ಕೆ ಹೋಗಿ "ಸ್ಲೀಪ್ ಸ್ಟಡಿ ಮಾಡಿಸಬೇಕಾ" ಅಂತ ಕೇಳಿ. ರಾತ್ರಿಯಿಡೀ ಉಸಿರು, ರಕ್ತದ ಆಮ್ಲಜನಕ, ಎದೆ ಬಡಿತ, ಸ್ನಾಯುಗಳ ಚಲನೆ ಅಳೆಯುವ ಪರೀಕ್ಷೆ ಅದು. ಆಪ್ನಿಯಾ ಇದೆ ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಕೊಡುತ್ತಾರೆ, ಇಲ್ಲವೇ ಕೆಳ ದವಡೆಯನ್ನು ಮುಂದಕ್ಕೆ ಹಿಡಿಯುವ ಬೇರೆ ಥರದ ಸಾಧನ. ಆಪ್ನಿಯಾ ಇರುವ ಕೆಲವರಿಗೆ ಸಾಮಾನ್ಯ ಗಾರ್ಡಿನಿಂದ ಉಸಿರು ಕಟ್ಟುವುದು ಇನ್ನೂ ಜಾಸ್ತಿ ಆಗಬಹುದು. ಹಾಗಾಗಿ ಗೊರಕೆಯ ವಿಷಯ ಗಾರ್ಡಿಗೆ ಅಳತೆ ಕೊಡುವ ಮೊದಲೇ ಹೇಳಬೇಕು.

ಹೆಜ್ಜೆ 7: ಮನಸ್ಸಿನ ಭಾರ

ಸಾಲ, ಮಗಳ ಮದುವೆ, ಪರೀಕ್ಷೆ, ಫ್ಯಾಕ್ಟರಿಯ ರಾತ್ರಿ ಪಾಳಿ. ಹಗಲೆಲ್ಲ ಹಲ್ಲು ಕಚ್ಚಿ ತಡೆದುಕೊಂಡವರು ರಾತ್ರಿಯೂ ಅದನ್ನೇ ಮಾಡುತ್ತಾರೆ. ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಳು ಕಳೆಯುತ್ತಿದ್ದರೆ ಸಹಾಯ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೆ.ಆರ್. ಆಸ್ಪತ್ರೆ, ಮಿಮ್ಸ್ ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಹಲ್ಲಿಗಾಗಿ ಮನೋವೈದ್ಯರ ಹತ್ತಿರ ಹೋಗುವುದಾ ಅಂತ ನಾಚಿಕೆ ಪಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ. ಗೊರಕೆ ಇರುವವರಿಗಂತೂ ಅದು ಅಪಾಯ.

ಹೆಜ್ಜೆ 8: ಮನೆಯಲ್ಲಿ ದಿನಾ ಮಾಡುವುದು

ಹಗಲು ಹೊತ್ತಿನಲ್ಲಿ ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ಕೂಡಬೇಕಾದ ಕೆಲಸವೇ ಇಲ್ಲ. ಗಾಡಿ ಓಡಿಸುವಾಗ, ಫೋನ್ ನೋಡುವಾಗ ಹಲ್ಲು ಕಚ್ಚಿಕೊಂಡಿದ್ದೀರಾ ಗಮನಿಸಿ. ಕಂಪ್ಯೂಟರಿನ ಅಂಚಿಗೆ, ಹೊಲಿಗೆ ಮಿಷನ್ನಿಗೆ ಒಂದು ಬಣ್ಣದ ಚುಕ್ಕಿ ಅಂಟಿಸಿ. ಕಣ್ಣಿಗೆ ಬಿದ್ದಾಗೆಲ್ಲ ದವಡೆ ಸಡಿಲ ಬಿಡಿ.

ಮಲಗುವ ಮೊದಲು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಎರಡೂ ದವಡೆಗೆ 15ರಿಂದ 20 ನಿಮಿಷ ಇಟ್ಟುಕೊಳ್ಳಿ. ಆಮೇಲೆ ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಮೆಲ್ಲಗೆ ನೀವಿ.

ನೋವಿರುವ ದಿನಗಳಲ್ಲಿ ಊಟಕ್ಕೆ ನಮ್ಮ ಮುದ್ದೆಗಿಂತ ಒಳ್ಳೆಯದು ಇನ್ನೇನಿದೆ? ಅಗಿಯುವ ಕೆಲಸವೇ ಇಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗುವುದು. ಮೆತ್ತನೆ ಅನ್ನ, ಇಡ್ಲಿಯೂ ಆಗುತ್ತದೆ. ಕಬ್ಬನ್ನು ಹಲ್ಲಿನಲ್ಲಿ ಸಿಗಿಯುವುದು, ಮೂಳೆ ಕಡಿಯುವುದು, ನಿಪ್ಪಟ್ಟು, ಅಡಿಕೆ, ಚ್ಯೂಯಿಂಗ್ ಗಮ್ ಆ ದಿನಗಳಲ್ಲಿ ಬೇಡ. ಕಬ್ಬಿನ ಊರಲ್ಲಿ ಇದ್ದುಕೊಂಡು ಕಬ್ಬು ಬೇಡ ಅನ್ನುವುದು ಕಷ್ಟ, ಗೊತ್ತು. ಬೇಕಾದರೆ ಕಬ್ಬಿನ ಹಾಲು ಕುಡಿಯಿರಿ, ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಕಾಫಿ ಬೆಳಿಗ್ಗೆಗೆ ಇರಲಿ. ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು 5-6 ಗಂಟೆ ಬೇಕು, ಸಂಜೆಯ ಲೋಟ ಮಧ್ಯರಾತ್ರಿಯವರೆಗೂ ಕೆಲಸ ಮಾಡುತ್ತಿರುತ್ತದೆ.

ಮಕ್ಕಳಿಗಾದರೆ

ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ಹೋಗುತ್ತದೆ. ದವಡೆ ಬೆಳೆಯುತ್ತಿರುವ ವಯಸ್ಸು, ಹಲ್ಲು ಬೀಳುತ್ತಾ ಹುಟ್ಟುತ್ತಾ ಇರುತ್ತದೆ, ಹಾಗಾಗಿ ಗಾರ್ಡ್ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ, ಪದೇ ಪದೇ ಗಂಟಲು ನೋವು ಅಂದರೆ ಟಾನ್ಸಿಲ್, ಅಡಿನಾಯ್ಡ್ ದಪ್ಪಗಾಗಿರಬಹುದು. ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ಕಡಿಯುತ್ತೀಯ ಅಂತ ಮಗುವನ್ನು ಗದರಿಸಬೇಡಿ. ಅದು ಬೇಕಂತ ಮಾಡುವುದಲ್ಲ.

ಕಾಯಬಾರದ ಲಕ್ಷಣಗಳು

ಬಾಯಿ ತೆರೆದದ್ದು ಮುಚ್ಚಲಾಗದೆ, ಮುಚ್ಚಿದ್ದು ತೆರೆಯಲಾಗದೆ ಸಿಕ್ಕಿಕೊಂಡರೆ, ಮುಖ ಊದಿ ಜ್ವರ ಬಂದರೆ, ಹಲ್ಲು ಸೀಳಿ ನೋವು ತಡೆಯಲಾಗದಿದ್ದರೆ ಅವತ್ತೇ ಹೋಗಿ. ವಯಸ್ಸು 50 ದಾಟಿದವರಿಗೆ ಹೊಸದಾಗಿ ಹಣೆಬದಿ ನೋವು, ಅಗಿದರೆ ದವಡೆ ಸೋಲುವುದು, ಕಣ್ಣು ಮಂಜಾಗುವುದು ಒಟ್ಟಿಗೆ ಬಂದರೆ ಅದು ರಕ್ತನಾಳದ ಊತ ಇರಬಹುದು, ಕಣ್ಣೇ ಹೋಗಬಹುದು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯಾಘಾತದ ನೋವಾಗಿರಬಹುದು. ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಮುಂದಿನ ಭೇಟಿಗಳು

ಗಾರ್ಡ್ ಹಾಕಿದ ಒಂದೆರಡು ವಾರಕ್ಕೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಪ್ರತಿ ಸಲವೂ ಗಾರ್ಡನ್ನು ಡಬ್ಬಿ ಸಮೇತ ತೆಗೆದುಕೊಂಡು ಹೋಗಿ. ಅದರ ಮೇಲೆ ಬಿದ್ದ ಗೆರೆ, ಗುಂಡಿ ನೋಡಿ ಎಷ್ಟು ಜೋರಾಗಿ ಕಡಿಯುತ್ತಿದ್ದೀರಿ, ಯಾವ ಕಡೆ ಜಾಸ್ತಿ ಅಂತ ಡಾಕ್ಟರ್ ಹೇಳುತ್ತಾರೆ. ಇಷ್ಟೆಲ್ಲ ಮಾಡಿಯೂ ದವಡೆಯ ನೋವು ಇಳಿಯದಿದ್ದರೆ ಕೆನ್ನೆಯ ಸ್ನಾಯುವಿಗೆ ಬೊಟಾಕ್ಸ್ ಚುಚ್ಚುವ ಚಿಕಿತ್ಸೆಯೂ ಇದೆ. ಕಚ್ಚುವ ಬಲ ಕಡಿಮೆ ಆಗುತ್ತದೆ, ಆದರೆ ಪರಿಣಾಮ 3-4 ತಿಂಗಳು ಮಾತ್ರ, ಮತ್ತೆ ಚುಚ್ಚಿಸಬೇಕು, ಖರ್ಚೂ ಜಾಸ್ತಿ. ಉಸಿರಾಟದ ಪರೀಕ್ಷೆ ಆಗಿದೆಯಾ, ಮಾತ್ರೆಗಳನ್ನು ಪರಿಶೀಲಿಸಿದ್ದಾರಾ ಅನ್ನುವುದು ಖಚಿತ ಆಗುವವರೆಗೆ ಅದಕ್ಕೆ ಒಪ್ಪಬೇಡಿ.